ಹೋಗುವವಳ ಕಾಫಿ

"ಇಲ್ಲ," ಅಂದ ಥನಾಸಿ, ತಲೆ ಕೂಡ ಎತ್ತದೆ. "ನಾಳೆ ನಿನ್ನ ಕೊನೇ ದಿನ ಅನ್ನೋದು ಮೆಷಿನ್ನಿಗೆ ಗೊತ್ತಾ? ಅದಕ್ಕೆ ಎಲ್ಲಾ ದಿನಾನೂ ಒಂದೇ."

"ಬರೀ ಅರ್ಧ ಗಂಟೆ ನಾನು ಕಾಫಿ ಮಾಡ್ತೀನಿ, ಯಜಮಾನ್ರೇ. ಏಳೂವರೆಯಿಂದ ಎಂಟರವರೆಗೆ."

ಏಳೂವರೆ ಅಂದದ್ದೇ ತಡ, ಥನಾಸಿಯ ತಲೆ ಮೇಲೆದ್ದಿತು. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಮೂಲೆಯ ಕಡೆ ತಿರುಗಿದ. "ಕೇಳಿದ್ಯಾ ಕೋಪಿಲಾ? ಮದುವೆ ಊಟಕ್ಕೆ ಬಂದೋಳು ಮದುಮಗನ್ನೇ ಕೇಳ್ತಿದಾಳೆ! ಹತ್ತು ಗಂಟೆ ಆದ್ಮೇಲೆ ಎಷ್ಟು ಬೇಕಾದ್ರೂ ಮಾಡ್ಕೋ ಅಂದಿಲ್ವಾ ನಾನು?"

"ಹತ್ತು ಗಂಟೆ ಮೇಲೆ ಯಾರ್ ಬರ್ತಾರೆ? ದಾರಿ ತಪ್ಪಿದ ಪ್ರವಾಸಿಗರು," ಅಂದಳು ವಾನ್‌ಜೆನ್.

"ಅವ್ರೂ ಮನುಷ್ಯರೇ. ಅವ್ರಿಗೂ ಕಾಫಿ ಬೇಕು."

ಅಲ್ಲಿಗೆ ಮಾತು ಮುಗಿಯಿತು. ಮೆಲ್ಬರ್ನ್ ನಗರದ ನಡುಮಧ್ಯೆ, ಎರಡು ಎತ್ತರದ ಕಚೇರಿ ಕಟ್ಟಡಗಳ ನಡುವಿನ ಗಲ್ಲಿಯಲ್ಲಿ ಥನಾಸಿಯ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಗೋಡೆಗೆ ಕೊರೆದ ಗೂಡು ಅನ್ನಬೇಕು. ಮುಂದೆ ಒಂದು ಕಿಟಕಿ, ಕಿಟಕಿಯ ಹಿಂದೆ ಪುಡಿ ತುಂಬಿ ತಿರುಗಿಸುವ ಮೂರು ಹಿಡಿಯ ಕಾಫಿ ಮೆಷಿನ್, ಅದರ ಹಿಂದೆ ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕಾದಷ್ಟು ಜಾಗ. ತೀರ ಹಿಂದೆ, ಬ್ರೆಡ್ಡು ಸುಡುವ ಮೂಲೆಯಲ್ಲಿ ನೇಪಾಳದ ಕೋಪಿಲಾ. ಹೆಸರಲ್ಲೇ ಕೋಪವಿದ್ದರೂ ಅವಳು ಸಿಟ್ಟು ಮಾಡಿಕೊಂಡದ್ದನ್ನು ಕಂಡವರಿಲ್ಲ.

ಈ ಗೂಡಿಗೆ ಒಂದೇ ಕಾನೂನು. ಬೆಳಗ್ಗೆ ಆರರಿಂದ ಹತ್ತರವರೆಗೆ ಆ ಮೆಷಿನ್ನನ್ನು ಥನಾಸಿಯ ಹೊರತು ನರಪಿಳ್ಳೆಯೂ ಮುಟ್ಟುವಂತಿಲ್ಲ. ಕಚೇರಿಯವರು ಮುಗಿಬೀಳುವ ಹೊತ್ತು ಅದು. ಆ ನಾಲ್ಕು ಗಂಟೆಯಲ್ಲಿ ಹೆಸರು ಗಳಿಸಿದವನು ಈ ಊರಿನಲ್ಲಿ ಬದುಕುತ್ತಾನೆ, ಕೆಡಿಸಿಕೊಂಡವನು ಬಾಗಿಲು ಹಾಕುತ್ತಾನೆ. ಹೆಂಡತಿ ಇದ್ದಾಗ ಆಕೆಯೂ ಮುಟ್ಟಿರಲಿಲ್ಲವಂತೆ. ಮಗ ಒಂದು ಸಲ ಮುಟ್ಟಿದ ತಪ್ಪಿಗೆ ಓದಿ ವಕೀಲನಾಗಬೇಕಾಯಿತು ಎಂದು ಗಲ್ಲಿಯವರು ನಗುತ್ತಿದ್ದರು. ಥನಾಸಿಗೆ ಅರವತ್ತೈದು, ಗ್ರೀಸಿನಿಂದ ಅಪ್ಪನ ಕೈ ಹಿಡಿದು ಹಡಗಿಳಿದವನು, ನಲವತ್ತು ವರ್ಷದಿಂದ ಅದೇ ಕಿಟಕಿಯಲ್ಲಿ ನಿಂತವನು.

ವಾನ್‌ಜೆನ್ ತೈವಾನಿನ ಜಿಯಾಯಿ ಊರಿನವಳು. ವರ್ಕಿಂಗ್ ಹಾಲಿಡೇ ವೀಸಾದ ಮೇಲೆ ಬಂದು ಎರಡು ವರ್ಷವಾಗಿತ್ತು. ಹೆಸರಿನಲ್ಲಿ ಕೆಲಸವೂ ಇದೆ, ರಜವೂ ಇದೆ. ರಜ ಎಲ್ಲಿ ಅಡಗಿತ್ತೋ, ಅವಳ ಕೈಗಂತೂ ಸಿಕ್ಕಿರಲಿಲ್ಲ. ಮೊದಲು ಕ್ವೀನ್ಸ್‌ಲ್ಯಾಂಡಿನ ಬಿಸಿಲಿನಲ್ಲಿ ದೊಣ್ಣೆಮೆಣಸಿನಕಾಯಿ ಕೊಯ್ದಳು, ಆಮೇಲೆ ಮೆಲ್ಬರ್ನಿಗೆ ಬಂದು ಹೋಟೆಲಿನ ಹಾಸಿಗೆಗಳಿಗೆ ದುಪ್ಪಟಿ ಹಾಸಿದಳು, ಕೊನೆಯ ಆರು ತಿಂಗಳು ಥನಾಸಿಯ ಕಿಟಕಿಯಲ್ಲಿ ನಿಂತು ಯಾರಿಗೆ ಏನು ಬೇಕೆಂದು ಕೇಳಿ ಚೀಟಿ ಬರೆದಳು. ಬರೆದ ಚೀಟಿಯನ್ನು ಥನಾಸಿಯ ಮೂಗಿನ ಮುಂದೆ ಅಂಟಿಸುವುದು, ಅವನು ಮುಗಿಸಿದ ಲೋಟಕ್ಕೆ ಮುಚ್ಚಳ ಒತ್ತುವುದು, ಇಷ್ಟೇ ಅವಳ ಬೆಳಗಿನ ಅಧಿಕಾರ.

ಇದನ್ನು ಅವಳು ಅಮ್ಮನಿಗೆ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮ ಫೋನಿನಲ್ಲಿ, "ಅಲ್ಲೇನ್ ಮಾಡ್ತೀಯೇ?" ಎಂದು ಕೇಳಿದ್ದಳು. "ಕಾಫಿ ಮಾಡ್ತೀನಮ್ಮ." ಹತ್ತು ಗಂಟೆಯ ಮೇಲೆ ಮಾಡುತ್ತಿದ್ದಳಲ್ಲ, ಅದು ನಿಜ. "ಬೆಳಿಗ್ಗೆ ಜನ ಬರ್ತಾರಾ?" "ಅಯ್ಯೋ, ಉಸಿರಾಡಕ್ಕೂ ಬಿಡಲ್ಲ." ಅದೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟಾಗ ಸುಳ್ಳಾಗಿದ್ದು ಅವಳಿಗೆ ಆಗಲೇ ಗೊತ್ತಾಗಿತ್ತು, ತಿದ್ದಲು ಬಾಯಿ ಬರಲಿಲ್ಲ. ಅಮ್ಮನದು ಮಾರುಕಟ್ಟೆಯ ಬಾಯಲ್ಲಿ ಬೆಳಗಿನ ತಿಂಡಿ ಅಂಗಡಿ. ಅಲ್ಲಿ ಹೇಳಿದ ಮಾತು ಊರಿಗೇ ಹೇಳಿದ ಹಾಗೆ. ಹೊಸ ವರ್ಷದ ಹೊತ್ತಿಗೆ, ಮೆಲ್ಬರ್ನಿನ ದೊಡ್ಡ ದೊಡ್ಡ ಸಾಹೇಬರೆಲ್ಲ ವಾನ್‌ಜೆನ್ ಕೈಯ ಕಾಫಿ ಕುಡಿಯದೆ ಕಚೇರಿ ಮೆಟ್ಟಿಲು ಹತ್ತುವುದಿಲ್ಲ ಎಂದು ಜಿಯಾಯಿಯ ಮೀನಿನವಳಿಗೂ ತಿಳಿದಿತ್ತು. ಹೋದ ತಿಂಗಳು ಅಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಚ್ಚಿಹೋದ ಯಾವುದೋ ಹೋಟೆಲಿನಿಂದ ಹಳೆಯ ಕಾಫಿ ಮೆಷಿನ್ ಒಂದನ್ನು ಕೊಂಡುಬಿಟ್ಟಿದ್ದಳು. ಸೋಮವಾರದಿಂದ ಸೋಯಾ ಹಾಲಿನ ಪಕ್ಕದಲ್ಲೇ ಮೆಲ್ಬರ್ನಿನ ಕಾಫಿ. ಬೋರ್ಡೂ ಬರೆಸಿಯಾಗಿತ್ತು.

ಮೂವತ್ತು ವರ್ಷ ಕಾವಲಿಯ ಮುಂದೆ ನಿಂತ ಹೆಂಗಸು ಅಮ್ಮ. ಬೆಳಗಿನ ನೂಕುನುಗ್ಗಲಿನಲ್ಲಿ ಯಾರ ಕೈ ಪಳಗಿದೆ, ಯಾರ ಕೈ ನಡುಗುತ್ತದೆ ಎಂದು ಅವಳಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಶನಿವಾರ ವಿಮಾನ. ಸುಳ್ಳನ್ನು ನಿಜ ಮಾಡಲು ವಾನ್‌ಜೆನ್‌ಗೆ ಉಳಿದಿದ್ದದ್ದು ಶುಕ್ರವಾರದ ಒಂದು ಬೆಳಗು ಮಾತ್ರ. ಅದಕ್ಕೂ ಥನಾಸಿ ಕಲ್ಲು ಹಾಕಿದ್ದ.

"ಹೋಗ್ಲಿ ಬಿಡು ತಂಗಿ," ಅಂದಳು ಕೋಪಿಲಾ, ತಟ್ಟೆ ತೊಳೆಯುತ್ತ. "ಆ ಮುದುಕ ಸತ್ರೆ ಮೆಷಿನ್ನನ್ನೂ ಜೊತೇಲೇ ಹೂಳ್ಬೇಕು."

"ಕೇಳಿಸ್ತು," ಅಂದ ಥನಾಸಿ.

"ಕೇಳ್ಲಿ ಅಂತಲೇ ಹೇಳಿದ್ದು."

ಮೂರು ಗಂಟೆಗೆ ಅಂಗಡಿ ಮುಚ್ಚಿದ ಮೇಲೆ ವಾನ್‌ಜೆನ್ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಹಿಂದಿರುಗಿಸಿದಳು, ಕಾರ್ಡನ್ನೂ ಕೊಡಲು ಹೋದಳು. ಮೇಜಿನ ಹಿಂದಿನ ಹೆಂಗಸು, "ಇಟ್ಕೊಳ್ಳಮ್ಮ, ಅದೇನು ಅನ್ನ ಕೇಳುತ್ತಾ?" ಎಂದು ಹಿಂದಕ್ಕೆ ದೂಡಿದಳು. ಅಲ್ಲಿಂದ ಸುಮ್ಮನೆ ನಡೆದಳು. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮಳೆ, ಈಗ ಮತ್ತೆ ಬಿಸಿಲು. ಈ ಊರು ಒಂದು ದಿನದಲ್ಲಿ ನಾಲ್ಕು ಸಲ ಬಟ್ಟೆ ಬದಲಿಸುತ್ತದೆ. ಯಾರಾ ನದಿ ಎಂದಿನಂತೆ ಚಹಾದ ಬಣ್ಣದಲ್ಲಿ ಹರಿಯುತ್ತಿತ್ತು. ದೊಡ್ಡ ರೈಲು ಸ್ಟೇಷನ್ನಿನ ಬಾಗಿಲಲ್ಲಿ, ಗಡಿಯಾರಗಳ ಕೆಳಗೆ ಎಂದಿನಂತೆ ಯಾರೋ ಯಾರಿಗೋ ಕಾಯುತ್ತಿದ್ದರು. ಅವಳೂ ಮೆಟ್ಟಿಲ ಮೇಲೆ ಕೂತಳು. ಬಂದ ಹೊಸದರಲ್ಲಿ ಟ್ರ್ಯಾಮಿನ ಗಂಟೆ ಕೇಳಿದರೆ ಹಾರಿಬೀಳುತ್ತಿದ್ದವಳು, ಈಗ ಗಂಟೆ ಕೇಳದೆ ಹೇಗೆ ನಿದ್ದೆ ಮಾಡುವುದು ಎಂದು ಯೋಚಿಸುತ್ತಿದ್ದಳು. ಅವಳಿಗೆ ಈ ಊರು ಬಿಡಲು ಮನಸ್ಸಿರಲಿಲ್ಲ. ಅಮ್ಮನ ಬಳಿ ಹೋಗಲೂ ಆಸೆಯಿತ್ತು. ಹೋಗಿಬರುತ್ತೇನೆ ಎನ್ನುವ ಹಾಗೂ ಇಲ್ಲ. ಮೂವತ್ತು ದಾಟಿದವರಿಗೆ ಈ ವೀಸಾ ಕೊಡುವುದಿಲ್ಲ, ಅವಳಿಗೆ ಮುಂದಿನ ತಿಂಗಳು ಮೂವತ್ತೊಂದು.

ಅಮ್ಮನ ಫೋನು ಅಲ್ಲೇ ಬಂತು. ಮೆಷಿನ್ನಿನ ಬಗ್ಗೆ, ಬೋರ್ಡಿನ ಬಣ್ಣದ ಬಗ್ಗೆ, ವಿಮಾನದಲ್ಲಿ ಹೊದೆಯಲು ಕೇಳಿ ಇಸಕೊಳ್ಳಬೇಕಾದ ಕಂಬಳಿಯ ಬಗ್ಗೆ ಹೇಳಿ ಮುಗಿಸಿ, ಕೊನೆಗೆ, "ನಾಳೆ ಎಲ್ರಿಗೂ ಏನ್ ಕುಡಿಸ್ತೀಯ?" ಎಂದು ಕೇಳಿದಳು.

"ಏನ್ ಕುಡ್ಸೋದು?"

"ಅಯ್ಯೋ ಇವಳ! ಕೆಲಸ ಬಿಟ್ಟು ಬರೋಳು ಎಲ್ರಿಗೂ ಕುಡ್ಸಿ ಬರ್ಬೇಡ್ವೇನೇ? ಎರಡು ವರ್ಷ ಅಲ್ಲಿದ್ದು ನಮ್ಮೂರ ಮರ್ಯಾದೆ ಮರೆತ್ಯಾ? ಕೈ ಬಿಗಿ ಹಿಡೀಬೇಡ. ಜಿಪುಣರ ಮಗಳು ಅನ್ನಿಸ್ಕೊಂಡು ವಿಮಾನ ಹತ್ಬೇಡ."

ಮರೆತೇಹೋಗಿತ್ತು. ತೈವಾನಿನಲ್ಲಿ ಯಾವ ಕಚೇರಿಯಾದರೂ ಸರಿ, ಬಿಟ್ಟುಹೋಗುವವರು ಕೊನೆಯ ದಿನ ಉಳಿಯುವವರಿಗೆಲ್ಲ ಕುಡಿಯಲು ತರಿಸಬೇಕು. ತಪ್ಪಿದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಅವಳು ಆಗಲೇ ಥನಾಸಿಗೆ ಫೋನ್ ಮಾಡಿದಳು.

"ಯಜಮಾನ್ರೇ, ನಾಳೆ ಎಲ್ರಿಗೂ ನನ್ನ ಲೆಕ್ಕದಲ್ಲಿ ಕಾಫಿ. ನನ್ನ ಸಂಬಳದಲ್ಲಿ ಹಿಡ್ಕೊಂಡುಬಿಡಿ."

ಆ ಕಡೆ ಫುಟ್‌ಬಾಲ್ ಆಟದ ಗದ್ದಲ ಕೇಳುತ್ತಿತ್ತು. ಎಲ್ಲರಿಗೂ ಅಂದರೆ ಕೋಪಿಲಾ, ಬ್ರೆಡ್ಡು ತರುವವನು, ತಾನು ಎಂದುಕೊಂಡ ಥನಾಸಿ, "ಕುಡ್ಸು, ಕುಡ್ಸು," ಅಂದು ಫೋನಿಟ್ಟ.

ವಾನ್‌ಜೆನ್‌ಳ ಲೆಕ್ಕ ಬೇರೆ. ಆರು ತಿಂಗಳಿಂದ ದಿನಾ ಬರುವವರು ನಲವತ್ತು ಐವತ್ತು ಜನ ಇದ್ದರು. ಒಬ್ಬರ ಹೆಸರೂ ಅವಳಿಗೆ ಗೊತ್ತಿಲ್ಲ, ಪ್ರತಿಯೊಬ್ಬರ ಕಾಫಿಯೂ ಗೊತ್ತು. ಅವರೇ ಅವಳ ಕಚೇರಿ. ಬೆಳಗ್ಗೆ ಐದೂಮುಕ್ಕಾಲಿಗೆ ಅವಳು ಕಿಟಕಿಯ ಗಾಜಿಗೆ ಒಂದು ಹಾಳೆ ಅಂಟಿಸಿದಳು: "ಇವತ್ತು ನನ್ನ ಕೊನೆಯ ದಿನ. ನಾಳೆ ನಮ್ಮೂರಿಗೆ ಹೋಗುತ್ತೇನೆ. ಇವತ್ತಿನ ಕಾಫಿ ನನ್ನ ಕಡೆಯಿಂದ. ನಮಸ್ಕಾರ. ವಾನ್‌ಜೆನ್." ಥನಾಸಿ ಒಳಗೆ ಮೆಷಿನ್ ಕಾಯಿಸುತ್ತಿದ್ದ. ಹಾಳೆಯ ಮುಖ ಬೀದಿಗಿತ್ತು. ಒಳಗಿದ್ದವನಿಗೆ ಕಂಡದ್ದು ಅದರ ಬಿಳಿಯ ಬೆನ್ನು ಮಾತ್ರ.

ಏಳರವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ರಾತ್ರಿಪಾಳಿ ಮುಗಿಸಿದ ನರ್ಸುಗಳು ಬಂದರು, ಟ್ರ್ಯಾಮ್ ಓಡಿಸುವವನು ಬಂದ. ಏಳೂಕಾಲಿಗೆ ಮುಕ್ಕಾಲು ಲಾಟೆಯವನು, ಹಾಲು ಜಾಸ್ತಿಯ ಕಾಫಿಯನ್ನು ಲೋಟದ ಮುಕ್ಕಾಲಿಗಷ್ಟೇ ತುಂಬಿಸಿಕೊಳ್ಳುವವನು, ಬಂದ. ಉದ್ದನೆಯ ಮನುಷ್ಯ, ಹದಿನೇಳನೇ ಮಹಡಿಯ ವಿಮೆ ಕಚೇರಿಯವನು. ಹಾಳೆಯನ್ನು ಎರಡು ಸಲ ಓದಿದ.

"ನೀನಾ ಹೋಗ್ತಿರೋದು? ಮತ್ತೆ ನಮಗೆ ಮುಚ್ಚಳ ಹಾಕೋರ್ಯಾರು?" ಅಂದವನೇ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಹಾಳೆಯ ಫೋಟೋ ತೆಗೆದು ಕಚೇರಿಯವರಿಗೆಲ್ಲ ಕಳಿಸಿದ. ಹದಿನೇಳನೇ ಮಹಡಿಯವರು ಹದಿನೆಂಟಕ್ಕೆ ಕಳಿಸಿದರು. ಆ ಕಟ್ಟಡಕ್ಕೆ ಮೂವತ್ತಾರು ಮಹಡಿ.

ಏಳೂವರೆಗೆ ಥನಾಸಿ ಕತ್ತು ಚಾಚಿ ನೋಡಿದ. ಸಾಲು ಗಲ್ಲಿಯ ಕಸದ ಡಬ್ಬಗಳನ್ನು ದಾಟಿ, ತಿರುವು ದಾಟಿ, ದೊಡ್ಡ ರಸ್ತೆಗೆ ಹೋಗಿತ್ತು. "ಏನಿದು? ಟ್ರ್ಯಾಮ್ ಕೆಟ್ಟು ನಿಂತಿದ್ಯಾ?"

ವಾನ್‌ಜೆನ್‌ಳ ಕಣ್ಣು ಗಾಜಿನ ಹಾಳೆಯ ಕಡೆ ಹೋಯಿತು. ಅವನು ಹೊರಗೆ ಹೋಗಿ ಗಾಜಿನ ಮುಂದೆ ನಿಂತು ಓದಿ, ನಿಧಾನವಾಗಿ ಒಳಗೆ ಬಂದ.

"ನಿನ್ನೆ ಎಲ್ರಿಗೂ ಅಂದ್ಯಲ್ಲ. ಅದು ಈ ಎಲ್ರಾ?"

"ದಿನಾ ಬರೋರಿಗೆ ಅಂತ ನಾನು..."

"ಹಾಗಂತ ಬರ್ದಿಲ್ವಲ್ಲ ತಾಯೀ!"

"ಕಿತ್ತುಹಾಕ್ಲಾ?" ವಾನ್‌ಜೆನ್ ಕಿಟಕಿಯ ಕಡೆ ತಿರುಗಿದಳು. ಕಿವಿ ಕೆಂಪಾಗಿತ್ತು. ಹೋಗುವ ದಿನ ಒಳ್ಳೆಯ ಹೆಸರು ತೆಗೆದುಕೊಳ್ಳಲು ಹೋಗಿ ಯಜಮಾನನ ಮನೆಗೇ ಬೆಂಕಿ ಇಟ್ಟೆನಲ್ಲ ಎಂದು ಅಳು ಬರುವಂತಾಗಿತ್ತು.

ಥನಾಸಿ ಸಾಲನ್ನು ನೋಡಿದ. ಸಾಲಿನವರು ಅವನನ್ನು ನೋಡಿದರು. "ಥನಾಸಿಯ ಕಿಟಕೀಲಿ ಅಂಟಿಸಿದ ಮಾತು," ಅಂದ. "ಕೀಳೋ ಹಾಗಿಲ್ಲ. ಚೀಟಿ ಬರಿ."

ಆಮೇಲಿನ ಅರ್ಧ ಗಂಟೆ ಆ ಮುದುಕನ ಕೈಗಳನ್ನು ನೋಡಬೇಕಿತ್ತು. ಎಡಗೈ ಹಿಡಿ ತಿರುಗಿಸುತ್ತಿದ್ದರೆ ಬಲಗೈ ಹಾಲಿನ ಜಗ್ಗನ್ನು ಹಬೆಗೆ ಒಡ್ಡುತ್ತಿತ್ತು. ಬಾಯಿ ಒಬ್ಬರ ಮಗಳ ಪರೀಕ್ಷೆ ವಿಚಾರಿಸುತ್ತಿತ್ತು, ಕಣ್ಣು ಮುಂದಿನ ಚೀಟಿ ಓದುತ್ತಿತ್ತು. ಆದರೂ ಚೀಟಿಗಳು ಕೂಡುತ್ತ ಹೋದವು. ಎಂಟಕ್ಕೆ ಐದು ನಿಮಿಷವಿರುವಾಗ ಕೋಪಿಲಾ ಫ್ರಿಜ್ಜಿನ ಬಾಗಿಲು ತೆಗೆದು, "ಹಾಲು ಎರಡೇ ಬಾಟ್ಲಿ," ಅಂದಳು.

ಗಲ್ಲಿಯಲ್ಲಿ ಅಷ್ಟು ಹಾಲು ಇಟ್ಟಿರುವವನು ಒಬ್ಬನೇ. ಆ ತುದಿಯ ಕಾಫಿ ಅಂಗಡಿಯ ಇಟಲಿಯವನು, ರೆನ್ಸೊ. ಕಸದ ಡಬ್ಬ ಯಾರ ಗೋಡೆಗೆ ಒರಗಬೇಕು ಎಂಬ ವಿಷಯದಲ್ಲಿ ಅವನಿಗೂ ಥನಾಸಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಕೋಪಿಲಾ ಓಡಿದಳು, ಬರಿಗೈಯಲ್ಲಿ ಬಂದಳು.

"ಕೊಡ್ತಾನಂತೆ. ಆದ್ರೆ ಯಜಮಾನನೇ ಬಂದು ಕೇಳ್ಬೇಕಂತೆ."

"ಅವನ ಅಪ್ಪ ಬಂದು ಕೇಳ್ತಾನೆ!" ಅಂದ ಥನಾಸಿ.

"ಹಾಲಿಲ್ದೆ ಈ ಜನಕ್ಕೆ ನಿಮ್ಮ ಸಿಟ್ಟನ್ನ ಕುಡಿಸ್ತೀರಾ?" ಅಂದಳು ಕೋಪಿಲಾ, ಸಮಾಧಾನವಾಗಿ.

ಥನಾಸಿ ಕೊನೆಯ ಬಾಟಲಿಗಳನ್ನು ನೋಡಿದ, ಸಾಲನ್ನು ನೋಡಿದ, ಕೈ ಒರೆಸಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ವಾನ್‌ಜೆನ್ ಕಡೆ ಬೆರಳು ಎತ್ತಿದ. ಮುಟ್ಟಬೇಡ ಎನ್ನಲೆಂದೇ ಎತ್ತಿದ್ದು. ಬಾಯಿ ಹಾಗೇ ಸಿದ್ಧವಾಗಿತ್ತು. ಬೆರಳು ಮೆಲ್ಲಗೆ ಮೆಷಿನ್ನಿನ ಕಡೆ ತಿರುಗಿತು.

"ಮೂರನೇ ಹಿಡಿ ಸೋರುತ್ತೆ," ಅಂದ. "ಒತ್ತಿ ತಿರುಗ್ಸು." ಅಂದು ಹೊರಟುಹೋದ.

ವಾನ್‌ಜೆನ್ ಚೀಟಿ ಪುಸ್ತಕವನ್ನು ಕೋಪಿಲಾಳ ಕೈಗಿತ್ತು ಮೆಷಿನ್ನಿನ ಮುಂದೆ ಬಂದು ನಿಂತಳು. ಮೊದಲ ಹಾಲು ಕೆಟ್ಟಿತು. ಹಬೆಯ ಕೊಳವೆ ಕಿರುಚಿ ಇಡೀ ಗಲ್ಲಿ ತಿರುಗಿ ನೋಡಿತು. ಎರಡನೆಯದು ನೊರೆಯೇ ನೊರೆ. ಕಿಟಕಿಯಲ್ಲಿ ಕಾಯುತ್ತಿದ್ದ ಹೆಂಗಸು ಗಡಿಯಾರ ನೋಡಿಕೊಂಡಳು. ಅಮ್ಮ ನೋಡಿದ್ದರೆ ಹತ್ತು ನಿಮಿಷವೂ ಬೇಡ, ಎರಡೇ ಸಾಕಿತ್ತು. ಮೂರನೆಯದಕ್ಕೆ ವಾನ್‌ಜೆನ್ ಕಣ್ಣು ಜಗ್ಗಿನಿಂದ ತೆಗೆದು ಕಿವಿ ಕೊಟ್ಟಳು. ಹಾಲು ಪರಪರ ಎನ್ನುವುದು ನಿಂತು ಗುಂಯ್ ಎನ್ನಲು ತೊಡಗಿದಾಗ ಕೆಳಗಿಳಿಸಿದಳು. ಸುರಿದಳು. ಸರಿಯಾಗಿತ್ತು.

ನಾಲ್ಕು, ಐದು, ಆರು. ಹಿಡಿ ತಟ್ಟಿ ಖಾಲಿ ಮಾಡು, ಪುಡಿ ತುಂಬು, ಒತ್ತು, ತಿರುಗಿಸು. ಅದು ಸುರಿಯುವಷ್ಟರಲ್ಲಿ ಹಾಲು. ಇದು ತನಗೆ ಗೊತ್ತಿರುವ ಕೆಲಸವೇ ಅನ್ನಿಸಿತು. ಶಾಲೆಗೆ ಹೋಗುವ ಮೊದಲು ಅಮ್ಮನ ಕಾವಲಿಯ ಪಕ್ಕ ನಿಂತು, ಒಂದು ಮೊಟ್ಟೆದೋಸೆ ಮಗುಚುವಷ್ಟರಲ್ಲಿ ಮೂರು ಪೊಟ್ಟಣ ಕಟ್ಟುತ್ತಿದ್ದ ಕೈ ಅದು. ಕೈಯ ಜೊತೆ ಬಾಯಿಯೂ ಹಳೆಯ ದಾರಿ ಹಿಡಿಯಿತು. ಜಿಯಾಯಿಯ ತಿಂಡಿ ಅಂಗಡಿಯಲ್ಲಿ ಗಿರಾಕಿಗಳಿಗೆ ಹೆಸರಿರುವುದಿಲ್ಲ. ಹಲ್ಲು ಬಿದ್ದ ತಾತನಿರಲಿ, ತಲೆ ಬಾಚದ ಕಾಲೇಜು ಹುಡುಗಿಯಿರಲಿ, ಎಲ್ಲರನ್ನೂ ಕರೆಯುವುದು ಒಂದೇ ರೀತಿ.

"ಚೆಲುವಾ, ನಿಮ್ಮ ಕಾಫಿ!" ಎಂದು ಕೂಗಿದಳು ವಾನ್‌ಜೆನ್.

ಬೂದು ಸೂಟಿನ, ಬೋಳುತಲೆಯ ಮನುಷ್ಯನೊಬ್ಬ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಹಾಗಿರಲಿಲ್ಲ. "ನನಗಾ?"

"ನಿಮಗೇ ಚೆಲುವಾ. ಬೇಗ ಬನ್ನಿ, ಆರಿಹೋಗುತ್ತೆ. ಚೆಲುವೀ, ನಿಮ್ಮದು ಸಕ್ಕರೆ ಎರಡಾ?"

ಬೂದು ಸೂಟಿನವನ ಬೋಳುತಲೆಯವರೆಗೂ ರಂಗೇರಿತು. ಸಾಲಿನಲ್ಲಿ ನಗು ಹರಡಿತು. "ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಹಾಗಂದಿಲ್ಲ," ಅಂದ ಅವನ ಹಿಂದಿನವನು. "ನನಗೂ ಹಾಗೇ ಕೂಗಮ್ಮ, ದೊಡ್ಡದಾಗಿ."

ದುಡ್ಡಿನ ಹತ್ತಿರ ಬೇರೆಯೇ ಪೇಚು ನಡೆಯುತ್ತಿತ್ತು. ಬಿಟ್ಟಿ ಕಾಫಿಗೆಂದು ಮಹಡಿ ಇಳಿದು ಬಂದವರು ಹಾಳೆಯನ್ನು ಹತ್ತಿರದಿಂದ ಓದಿದ ಮೇಲೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಈ ಊರಿನ ರೂಢಿ ತದ್ವಿರುದ್ಧ: ಹೋಗುವವರಿಗೆ ಉಳಿಯುವವರು ಕುಡಿಸಬೇಕು. "ಹೋಗೋ ಹುಡುಗಿ ಹತ್ರ ಕುಡ್ದು ಬಾಯಿ ಒರೆಸ್ಕೊಂಡು ಹೋಗೋದಾ? ಥೂ," ಅಂದಳು ವಕೀಲರ ಕಚೇರಿಯ ಒಬ್ಬಳು. ಆದರೆ ತನ್ನ ಕಾಫಿಗೆ ತಾನೇ ಕೊಟ್ಟರೆ ಹುಡುಗಿಯ ಮಾತಿಗೆ ಅವಮಾನ. ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ದಾರಿ ಅವಳೇ ಹುಡುಕಿದಳು. ತನ್ನದನ್ನು ವಾನ್‌ಜೆನ್ ಕಡೆಯಿಂದ ಕುಡಿದು, ಹಿಂದಿನವನದಕ್ಕೆ ತಾನು ಕೊಟ್ಟಳು. ಹಿಂದಿನವನು ತನ್ನ ಹಿಂದಿನವಳಿಗೆ ಕೊಟ್ಟ. ಅಲ್ಲಿಂದ ಮುಂದೆ ಯಾರೂ ತಮ್ಮ ಕಾಫಿಗೆ ತಾವು ಕೊಡಲಿಲ್ಲ, ಯಾರೂ ಕೊಡದೆಯೂ ಹೋಗಲಿಲ್ಲ. ಕೋಪಿಲಾ ಯಾರು ಯಾರಿಗೆ ಎಂದು ಬರೆಯಲು ಹೋಗಿ ಪೆನ್ನು ಬಿಸಾಡಿದಳು.

ಥನಾಸಿ ಬರುವುದು ಮೊದಲು ಕಿವಿಗೆ ಬಿತ್ತು. ತಳ್ಳುಗಾಡಿಯ ಗಡಗಡ, ಅದರ ಮೇಲೆ ಇಬ್ಬರು ಮುದುಕರ ಜಗಳ.

"ನಿನ್ನ ಗೋಡೆ ಅಲ್ಲ ಅದು, ನಗರಸಭೆಯದು!"

"ನಗರಸಭೆ ನಿಮ್ಮ ತಾತನ ಕಾಲದಲ್ಲಿ ಇತ್ತೇನೋ?"

ತಿರುವಿನಲ್ಲಿ ರೆನ್ಸೊ ನಿಂತುಬಿಟ್ಟ. ಗಾಡಿ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ಕಿಟಕಿ ನೋಡಿದ. ಸಾಲು ಸರಸರನೆ ಸರಿಯುತ್ತಿತ್ತು. "ಲೋ ಥನಾಸಿ," ಅಂದ, "ನೀನಿಲ್ದೇನೇ ನಿನ್ನ ಅಂಗಡಿ ಚೆನ್ನಾಗಿ ನಡೀತಿದೆಯಲ್ಲೋ!"

ಥನಾಸಿ ಗಾಡಿಯ ಕಡೆ ಬಗ್ಗಿದ. ಎರಡು ಕೈಯಲ್ಲೂ ಹಾಲಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತ. ವಾನ್‌ಜೆನ್ ಅವನನ್ನು ನೋಡಿ ಮೆಷಿನ್ನಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದಳು. ಬೈಗುಳ ಬರುತ್ತದೆ ಎಂದು ಹೆಗಲು ಕುಗ್ಗಿಸಿದಳು. ಅವನು ಅವಳ ಕೈಯಲ್ಲಿದ್ದ ಲೋಟದೊಳಕ್ಕೆ ಇಣುಕಿದ. ಇನ್ನೊಂದಕ್ಕೂ ಇಣುಕಿದ.

"ಎಲ್ಲಿಡ್ಲಿ?" ಎಂದು ಕೇಳಿದ.

"ಏನು?"

"ಹಾಲು. ಎಲ್ಲಿಡ್ಲಿ?"

"ಬಲಗಡೆ," ಅಂದಳು ವಾನ್‌ಜೆನ್. ಅವನು ಬಲಗಡೆ ಇಟ್ಟ. ಇಟ್ಟು, ಕೋಪಿಲಾಳ ಕೈಯಿಂದ ಚೀಟಿ ಪುಸ್ತಕ ಇಸಕೊಂಡು ಕಿಟಕಿಗೆ ಹೋಗಿ, "ಯಾರ್ ಮುಂದೆ? ಹೇಳಿ, ಹೇಳಿ," ಎಂದು ಗದರಿದ. ಅವನ ಅಕ್ಷರ ಕೋಳಿ ಕೆರೆದ ಹಾಗಿತ್ತು. ವಾನ್‌ಜೆನ್‌ಗೆ ಓದಲು ಕಷ್ಟವಾಯಿತು, ಓದಿದಳು.

ಎಂಟೂವರೆಗೆ ಅವಳ ಏಪ್ರನ್ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಒಂದು ಸಲ, ಎರಡು ಸಲ, ಬಿಡದೆ ಮೂರನೆಯ ಸಲ. ಕೋಪಿಲಾ ಅದನ್ನು ಎಳೆದು ತೆಗೆದು ಅವಳ ಮುಖಕ್ಕೆ ಹಿಡಿದಳು. ತೆರೆಯ ತುಂಬ ಅಮ್ಮ, ಅಮ್ಮನ ಹಿಂದೆ ಕಾವಲಿಯ ಹೊಗೆ.

"ಯಾಕೇ ಎತ್ತಲ್ಲ? ಮೆಷಿನ್ ತಂದೋರು ಬಾಗ್ಲಲ್ಲಿ ನಿಂತಿದಾರೆ. ಬೆಳಗ್ಬೆಳಿಗ್ಗೆನೇ ತಂದಿದಾರೆ, ಬುದ್ಧಿ ಇಲ್ದೋರು. ಸಿಂಕಿನ ಎಡಕ್ಕೆ ಇಡಿಸ್ಲಾ, ಬಲಕ್ಕಾ?"

"ಅಮ್ಮಾ, ನೋಡಮ್ಮಾ!" ವಾನ್‌ಜೆನ್ ಕೂಗಿದಳು. ಒಂದು ಕೈಯಲ್ಲಿ ಹಿಡಿ, ಒಂದು ಕೈಯಲ್ಲಿ ಜಗ್ಗು, ಮೂಗಿನ ಮೇಲೆ ಕಾಫಿಪುಡಿ. "ನೋಡು, ನಾನು ಮೆಷಿನ್ ಮುಂದೆ ಇದೀನಿ!"

"ಕಾಣುತ್ತೆ ಕಣೇ. ದಿನಾ ಮಾಡೋದನ್ನ ನೋಡೋಕೇನಿದೆ? ನನ್ನ ದೋಸೆ ಸೀದು ಹೋಗ್ತಿದೆ ಇಲ್ಲಿ. ಎಡಕ್ಕಾ ಬಲಕ್ಕಾ ಹೇಳು ಮೊದ್ಲು."

ವಾನ್‌ಜೆನ್ ಯೋಚಿಸಲಿಲ್ಲ. ನಿನ್ನೆ ಕೇಳಿದ್ದರೆ ನಾನೇ ಬಂದು ನೋಡ್ತೀನಿ ಎಂದು ಜಾರಿಕೊಳ್ಳುತ್ತಿದ್ದಳು. "ಎಡಕ್ಕೆ ಇಡಿಸಮ್ಮ. ಫ್ರಿಜ್ಜು ಬಲಕ್ಕೆ ತಳ್ಳಿಸು. ಹಾಲು ತಗೊಳ್ಳೋಕೆ ಮೈ ತಿರುಗಿಸೋ ಹಾಗಿರ್ಬಾರ್ದು. ಲೋಟ ತಲೆ ಮೇಲಲ್ಲ, ಎದೆ ಮಟ್ಟಕ್ಕೆ."

"ಹಾಗೆ ಹೇಳು," ಅಂದಳು ಅಮ್ಮ, ಆಗಲೇ ಆ ಕಡೆ ತಿರುಗಿ ಯಾರಿಗೋ ಕೈಸನ್ನೆ ಮಾಡುತ್ತ. "ಆ ಲೋಟ ತುಂಬಾ ತುಂಬಿಸ್ಬೇಡ, ಚೆಲ್ಲುತ್ತೆ." ಫೋನು ಆರಿತು.

ವಾನ್‌ಜೆನ್‌ಗೆ ನಗು ಬಂತು. ಎಷ್ಟು ಬಂತೆಂದರೆ ಜಗ್ಗು ಕೆಳಗಿಟ್ಟು ಮೆಷಿನ್ನಿಗೆ ಹಣೆ ಒರಗಿಸಿ ನಕ್ಕಳು, ಅದು ಸುಟ್ಟಾಗ ಹಾ ಎಂದು ಹಿಂದೆ ಸರಿದು ಮತ್ತೆ ನಕ್ಕಳು. ಕಣ್ಣಲ್ಲಿ ನೀರಿತ್ತು. ಇಷ್ಟು ಸಂತೋಷ ಅವಳಿಗೆ ಈ ಊರಿನಲ್ಲಿ ಯಾವತ್ತೂ ಆಗಿರಲಿಲ್ಲ, ಹೋಗುವ ದಿನವೇ ಆಗಬೇಕಿತ್ತೇ ಎಂದೂ ಅನ್ನಿಸಿತು.

"ಹುಚ್ಚು ಹಿಡೀತಾ?" ಥನಾಸಿ ತಿರುಗದೆ ಕೇಳಿದ.

"ಇಲ್ಲ ಯಜಮಾನ್ರೇ."

"ಹಾಗಾದ್ರೆ ಎರಡು ಫ್ಲಾಟ್ ವೈಟು, ಒಂದು ಮುಕ್ಕಾಲು ಲಾಟೆ. ಆ ಉದ್ದನೆ ಮನುಷ್ಯ ಮತ್ತೆ ಬಂದಿದಾನೆ, ಈ ಎಲ್ಲದರ ಮೂಲ."

ಒಂಬತ್ತೂವರೆಗೆ ಸಾಲಿನ ಬಾಲ ಕಾಣಿಸಿತು. ರೆನ್ಸೊ ತನ್ನ ಅಂಗಡಿಗೆ ಹೋಗದೆ ಕಸದ ಡಬ್ಬದ ಮೇಲೆ ಕೂತು, ಸುರಿದ ಪ್ರತಿ ಲೋಟಕ್ಕೂ ದೂರದಿಂದಲೇ ಅಂಕ ಕೊಡುತ್ತಿದ್ದ. ಕಿಟಕಿಯಲ್ಲಿ ಥನಾಸಿಯ ದನಿ ನಿಂತಿತು. ವಾನ್‌ಜೆನ್ ಪುಡಿ ತುಂಬುತ್ತಿದ್ದವಳು ಮುಂದಿನ ಚೀಟಿಗೆ ಕೈ ಚಾಚಿದಳು. ಚೀಟಿ ಇರಲಿಲ್ಲ. ಮುಂದಿನವರೇ ಬಂದು ಎದುರು ನಿಂತರು, ಅವರಿಗೆ ಮಾಡಿಕೊಟ್ಟಳು. ಅವರ ಹಿಂದಿನವರು ಬಂದರು, ಅವರಿಗೂ ಮಾಡಿಕೊಟ್ಟಳು. ಥನಾಸಿ ಎಲ್ಲಿ ಎಂದು ತಲೆ ಎತ್ತಿ ನೋಡಿದಾಗ ಅವನು ಏಪ್ರನ್ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಗಲ್ಲಿಯಲ್ಲಿ, ಸಾಲಿನಲ್ಲಿ ನಿಂತಿದ್ದ. ಅವನ ಹಿಂದೆ ಇನ್ನೂ ನಾಲ್ವರಿದ್ದರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ ಹಾಕುತ್ತಿದ್ದ, ಒಮ್ಮೆ ತೆಗೆಯುತ್ತಿದ್ದ.

ಅವನ ಸರದಿ ಬಂತು.

"ಹೇಳಿ," ಅಂದಳು ವಾನ್‌ಜೆನ್. "ನಿಮಗೇನು ಬೇಕು?"

ಥನಾಸಿ ಏಪ್ರನ್ನನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿದ. ನಲವತ್ತು ವರ್ಷ ಈ ಪ್ರಶ್ನೆ ಕೇಳಿದವನು ಅವನು. ಅವನನ್ನು ಈ ಕಿಟಕಿಯಲ್ಲಿ ಯಾರೂ ಕೇಳಿರಲಿಲ್ಲ.

"ಬೇಗ ಹೇಳಪ್ಪಾ ತಾತ," ಎಂದು ಹಿಂದಿನಿಂದ ಹೊಸಬಳೊಬ್ಬಳು ಅವಸರ ಮಾಡಿದಳು. "ನಮಗೆ ಕೆಲಸಕ್ಕೆ ಹೊತ್ತಾಯ್ತು."

"ತಾಳಮ್ಮಾ, ತಾಳು," ಅಂದ ಥನಾಸಿ. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಕಿಟಕಿಯ ಮೇಲೆ ತೂಗುಹಾಕಿದ್ದ ಹಲಗೆಯ ಕಡೆ ಕತ್ತೆತ್ತಿದ. ತಾನೇ ಸೀಮೆಸುಣ್ಣದಲ್ಲಿ ಕಾಫಿಗಳ ಹೆಸರು ಬರೆದ ಹಲಗೆ. ಅದನ್ನು ಮೊದಲ ಸಾಲಿನಿಂದ, ತುಟಿ ಅಲುಗಿಸುತ್ತ, ಒಂದೊಂದಾಗಿ ಓದತೊಡಗಿದ. ವಾನ್‌ಜೆನ್ ಹಿಡಿಯ ಮೇಲೆ ಕೈಯಿಟ್ಟು ಕಾದಳು.